ತೂಬಿನ ಎದುರಿನ ಮನೆ

ದಾಬಸ್‌ಪೇಟೆ
11 ಆಗಸ್ಟ್ 2024

ಅಕ್ಕನಿಗೆ ಮನೋಹರನ ನಮಸ್ಕಾರ.

ನಿನಗೆ ಫೋನು ಮಾಡಿ ಗಂಟಲು ಹರಿದುಕೊಳ್ಳುವುದಕ್ಕಿಂತ ಪತ್ರವೇ ವಾಸಿ ಎಂದು ಪಂಕಜ ಹೇಳಿದಳು. ಹೋದ ಸಲ ನಾನು ಕೂಗಿ ಕೂಗಿ ಕೇಳಿದ್ದು ನಿನಗೆ ಕೇಳಿಸಲಿಲ್ಲ, ನಮ್ಮ ಬೀದಿಗೆಲ್ಲ ಕೇಳಿಸಿತು. ಮಾರನೆಯ ದಿನ ಎದುರು ಮನೆಯವರು ಬಂದು, "ನಿಮ್ಮಕ್ಕನ ಮೊಣಕಾಲು ಈಗ ಹೆಂಗಿದೆ ಸಾರ್" ಎಂದು ವಿಚಾರಿಸಿಕೊಂಡು ಹೋದರು. ನಿನ್ನ ಕಿವಿಯ ಮಿಷನ್ನು ಡಬ್ಬಿಯೊಳಗೇ ಸುಖವಾಗಿದೆ ಎಂದು ನನಗೆ ಗೊತ್ತು. ಇರಲಿ.

ವಿಷಯ ಮನೆಯದು. ಡಿಸೆಂಬರಿಗೆ ಫ್ಯಾಕ್ಟರಿಯವರು ನನಗೆ ಹಾರ ಹಾಕಿ ಕಳಿಸುತ್ತಾರೆ. ಆಮೇಲೆ ಈ ಬಾಡಿಗೆ ಮನೆಯಲ್ಲಿ ಒಂದು ದಿನವೂ ಇರುವುದಿಲ್ಲ ಎಂದು ಪಂಕಜ ಕಡ್ಡಿ ಮುರಿದಂತೆ ಹೇಳಿದ್ದಾಳೆ. ಅವಳು ಹುಟ್ಟಿ ಬೆಳೆದದ್ದು ಕಾವೇರಿ ದಡದಲ್ಲಿ. ನನ್ನನ್ನು ಕಟ್ಟಿಕೊಂಡ ಮೇಲೆ ಅಡುಗೆ ಮನೆ ಕಿಟಕಿಯಿಂದ ಕಾಣುವುದು ಗೋಡೌನಿನ ಶಟರ್. "ಇಷ್ಟು ವರ್ಷ ನಿಮ್ಮ ಜೊತೆ ಶಟರ್ ನೋಡ್ಕೊಂಡು ಬದುಕಿದೀನಿ. ಉಳಿದಿದ್ದನ್ನ ನೀರು ನೋಡ್ಕೊಂಡು ಕಳೀತೀನಿ" ಅನ್ನುತ್ತಾಳೆ. ನನ್ನ ಬೇಡಿಕೆ ಬೇರೆ. ಎದೆಗೆ ಸ್ಟೆಂಟ್ ಹಾಕಿಸಿಕೊಂಡವನು ನಾನು. ಕರೆದರೆ ಓಡಿ ಬರಲು ನಮಗೆ ಮಕ್ಕಳಿಲ್ಲ. ಹಾಗಾಗಿ ಆಸ್ಪತ್ರೆ ಹತ್ತಿರವಿರಬೇಕು, ಮೆಡಿಕಲ್ ಶಾಪ್ ಇರಬೇಕು, ಬೆಂಗಳೂರಿಗೆ ಸಿಟಿ ಬಸ್ಸು ಸಿಗಬೇಕು. ಬೆಲೆಯೂ ನಮ್ಮ ಕೈಗೆಟುಕಬೇಕು.

ಭಾನುವಾರ ಬಂತೆಂದರೆ ಮನೆ ನೋಡುವುದೇ ಕೆಲಸ. ನೆಲಮಂಗಲದ ಕಡೆ ಒಂದಿತ್ತು, ಕೆರೆ ಕಾಣುತ್ತದೆ ಎಂದರು. ತಾರಸಿಯ ಮೇಲಿನ ನೀರಿನ ಟ್ಯಾಂಕು ಹತ್ತಿ ನಿಂತರೆ ನಿಜವಾಗಿಯೂ ಕಾಣುತ್ತಿತ್ತು. ದೊಡ್ಡಬಳ್ಳಾಪುರದ ಕಡೆ ಒಂದು ಬಹಳ ಚೆನ್ನಾಗಿತ್ತು, ಹತ್ತಿರದ ಡಾಕ್ಟರು ಮಾತ್ರ ದನದ ಡಾಕ್ಟರು. ಕೊನೆಗೆ ಹೋದ ವಾರ ಹೊಸಕೋಟೆ ಆಚೆಗೆ, ಬಿಲ್ಲೇನಹಳ್ಳಿ ಕೆರೆ ದಡದಲ್ಲಿ ಸಾಲು ಮನೆಗಳನ್ನು ನೋಡಿದೆವು. ಮೂಲೆ ಮನೆ ಖಾಲಿಯಿದೆ. ಮೇಲೊಂದು ಬಾಲ್ಕನಿ. ನೇರ ಎದುರಿಗೆ, ನೀರಿನೊಳಗೆ, ಹಿಂದೆ ಗದ್ದೆಗೆ ನೀರು ಬಿಡುತ್ತಿದ್ದ ತೂಬಿನ ಎರಡು ಕಲ್ಲುಕಂಬಗಳು ನಿಂತಿವೆ. ಅದರ ಮೇಲೊಂದು ಕಪ್ಪು ಹಕ್ಕಿ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಪಂಕಜ ಅಲ್ಲಿ ನಿಂತವಳು ಕದಲಲೇ ಇಲ್ಲ. ಬೆಲೆ ಅಕ್ಕಪಕ್ಕದ ಮನೆಗಳಿಗಿಂತ ಬಹಳ ಕಡಿಮೆ. ನಿನ್ನ ಮನೆಗೂ ಹತ್ತಿರ, ಭಾನುವಾರದ ಸಾರು ಬಿಸಿ ಆರುವ ಮೊದಲು ತಂದುಕೊಡಬಹುದು.

ನಿನ್ನನ್ನು ಕೇಳದೆ ನಾನು ಚಪ್ಪಲಿ ಕೂಡ ಕೊಂಡವನಲ್ಲ. ಒಂದು ಮಾತು ಹೂಂ ಅನ್ನು.

ನಿನ್ನ ತಮ್ಮ
ಮನೋಹರ್


ಹೊಸಕೋಟೆ
24 ಆಗಸ್ಟ್ 2024

ಮನು,

ಪತ್ರ ಬಂತು. ಆ ಮನೆ ಬೇಡ.

ಕೆರೆ ಪಕ್ಕ ಸೊಳ್ಳೆ. ಬೇಸಿಗೆಯಲ್ಲಿ ವಾಸನೆ. ಅದು ಮಳೆಯ ನೀರಲ್ಲ, ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನು ಸೋಸಿ ಪೈಪಿನಲ್ಲಿ ಕಳಿಸುತ್ತಾರೆ. ಕಾವೇರಿ ಕಂಡವಳಿಗೆ ಅದು ಹಿಡಿಸುವುದಿಲ್ಲ. ಗೋಡೆಗೆ ತೇವ ಹತ್ತುತ್ತದೆ, ನಿನಗೆ ಮೊದಲೇ ಕೆಮ್ಮು. ಹಾವು ಬರುತ್ತವೆ.

ನಮ್ಮ ಬೀದಿಯಲ್ಲೇ ಒಂದು ಮಹಡಿ ಮನೆ ಮಾರಾಟಕ್ಕಿದೆ. ಆಸ್ಪತ್ರೆ ಎರಡು ಹೆಜ್ಜೆ. ಪಂಕಜಳಿಗೆ ನೀರೇ ಬೇಕಿದ್ದರೆ ನಮ್ಮ ಬೀದಿ ನಲ್ಲಿ ನೋಡಲಿ, ವಾರಕ್ಕೊಮ್ಮೆ ಬಂದರೂ ಅದೂ ನೀರೇ.

ತೂಬಿನ ಎದುರಿನ ಮನೆಯಂತೂ ಬೇಡವೇ ಬೇಡ.

ಮಾತ್ರೆ ತಪ್ಪಿಸಬೇಡ.

ಅಕ್ಕ


ದಾಬಸ್‌ಪೇಟೆ
8 ಸೆಪ್ಟೆಂಬರ್ 2024

ಅಕ್ಕ,

ನಲ್ಲಿಯ ಮಾತಿಗೆ ಪಂಕಜ ಬಹಳ ನಕ್ಕಳು. ನಾನು ನಗಲಿಲ್ಲ. ಸೊಳ್ಳೆಗೂ ಹಾವಿಗೂ ಹೆದರುವವಳಲ್ಲ ನೀನು. ಅಂಗನವಾಡಿಯ ಹೆಂಚಿನ ಸಂದಿಯಿಂದ ಹಾವು ಬಿದ್ದಾಗ ಪೊರಕೆಯಲ್ಲಿ ಆಚೆಗೆ ತಳ್ಳಿ ಮಕ್ಕಳಿಗೆ ಉಪ್ಪಿಟ್ಟು ಬಡಿಸಿದವಳು.

ಬಿಲ್ಲೇನಹಳ್ಳಿ ನಿನ್ನ ಗಂಡನ ಊರು ಎಂಬುದನ್ನು ನಾನು ಮರೆತಿಲ್ಲ. ಮೊದಲ ಪತ್ರದಲ್ಲಿ ಬೇಕೆಂದೇ ಬರೆಯಲಿಲ್ಲ. ಅಲ್ಲಿ ಈಗ ನೀನು ಎದುರಾಗಬೇಕಾದವರು ಯಾರೂ ಇಲ್ಲ. ಭಾವ ಆದಿನಾರಾಯಣಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಎರಡನೆಯ ಹೆಂಡತಿಯ ಮಕ್ಕಳು ಎಲ್ಲವನ್ನೂ ಮಾರಿಕೊಂಡು ಹೋಗಿದ್ದಾರೆ. ಮನೆಯಿದ್ದ ಜಾಗದಲ್ಲಿ ನೀರಿನ ಕ್ಯಾನ್ ಮಾರುವ ಅಂಗಡಿಯಿದೆ. ಆ ಮನೆಯಲ್ಲಿ ಏನಾಯಿತೆಂದು ನೀನು ಯಾವತ್ತೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ನೆನಪಿರುವುದು ಇಷ್ಟೇ. ಒಂದು ದಿನ ನೀನು ತಗಡಿನ ಪೆಟ್ಟಿಗೆ ಹಿಡಿದು ಬಂದೆ, ಹೊಸಿಲು ದಾಟುವ ಮೊದಲೇ ನನ್ನನ್ನು ಎತ್ತಿಕೊಂಡೆ. ಆಮೇಲೆ ಕೆಳಗಿಳಿಸಲೇ ಇಲ್ಲ.

ಇನ್ನೊಂದು ತಮಾಷೆ ಕೇಳು. ಬೆಲೆ ಯಾಕೆ ಕಡಿಮೆ ಎಂದು ದಲ್ಲಾಳಿ ಮಂಜೇಶನನ್ನು ಹಿಡಿದು ಕೂರಿಸಿ ಕೇಳಿದೆ. ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಹೇಳಿದ.

"ಸಾರ್, ನಿಮ್ಮ ಹತ್ರ ಮುಚ್ಚಿಡಲ್ಲ. ಆ ಮನೆ ಒಬ್ರು ತಗೊಂಡು ಬಿಟ್ರು, ಇನ್ನೊಬ್ರು ಅಡ್ವಾನ್ಸ್ ಕೊಟ್ಟು ಬಿಟ್ರು. ಅಮಾಸೆ ಬೆಳಗ್ಗೆ ನೀರಲ್ಲಿ ಯಾರೋ ಹೆಂಗಸು ನಿಂತಿರ್ತಾಳಂತೆ. ತೂಬಿನ ಕಡೆ ಮುಖ. ಇತ್ಲಾಗೆ ತಿರುಗೋದೇ ಇಲ್ವಂತೆ. ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ ಇರಲ್ಲ."

"ನೀನು ನೋಡಿದೀಯೇನಪ್ಪಾ?"

"ನಾನ್ಯಾಕ್ ಸಾರ್ ನೋಡ್ಲಿ. ನಂಗಿನ್ನೂ ಮದುವೆ ಆಗ್ಬೇಕು."

ಪಂಕಜ ಏನಂದಳು ಗೊತ್ತೇ? "ಆಯಮ್ಮನ ಪುಣ್ಯದಿಂದ ನಮ್ಮ ಕೈಗೆ ಸಿಗೋ ಬೆಲೆಗೆ ಇಳೀತು. ಕಂಡ್ರೆ ಒಂದು ಸೀರೆ ಕೊಡ್ಬೇಕು." ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ. ಮೊದಲು ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡಲು ಮಾಲೀಕರು ಒಪ್ಪಿದ್ದಾರೆ. ಹಿಡಿಸಿದರೆ ರಿಜಿಸ್ಟರ್. ಡಿಸೆಂಬರಿನ ತನಕ ಉಳಿದ ರಜೆಯೆಲ್ಲ ಹಾಕಿ ಈ ತಿಂಗಳ ಕೊನೆಗೇ ಸಾಮಾನು ಸಾಗಿಸುತ್ತೇವೆ. ಹಾಲು ಉಕ್ಕಿಸಲು ನೀನು ಬರಲೇಬೇಕು.

ಮನೋಹರ್


ಹೊಸಕೋಟೆ
20 ಸೆಪ್ಟೆಂಬರ್ 2024

ಮನು,

ಹಾಲು ಉಕ್ಕಿಸಲು ನಾನು ಬರುವುದಿಲ್ಲ.

ಹೋಗಲೇಬೇಕೆಂದಿದ್ದರೆ ಪಿತೃಪಕ್ಷದ ಮಾರ್ಲಮಿ ಅಮಾವಾಸ್ಯೆ ಕಳೆದ ಮೇಲೆ ಹೋಗಿ. ಅದಕ್ಕೆ ಮೊದಲೇ ಹೋದರೆ ಅಮಾವಾಸ್ಯೆಯ ಬೆಳಗ್ಗೆ ಬಾಲ್ಕನಿ ಬಾಗಿಲು ತೆಗೆಯಬೇಡಿ. ಕಾರಣ ಕೇಳಬೇಡ. ಇಷ್ಟು ವರ್ಷದಲ್ಲಿ ನಿನ್ನನ್ನು ನಾನು ಏನಾದರೂ ಕೇಳಿದ್ದೇನೆಯೇ.

ಅಕ್ಕ


ಬಿಲ್ಲೇನಹಳ್ಳಿ
6 ಅಕ್ಟೋಬರ್ 2024

ಅಕ್ಕ,

ನೀನು ಬೇಡವೆಂದರೂ ಬಂದುಬಿಟ್ಟೆವು. ದಾಬಸ್‌ಪೇಟೆಯ ಮನೆಗೆ ಬೇರೆಯವರು ಆಗಲೇ ಸಾಮಾನು ತಂದು ಬಾಗಿಲಲ್ಲಿ ಇಳಿಸಿದ್ದರು.

ನಿನ್ನ ಮಾತಿನಂತೆ ಅಮಾವಾಸ್ಯೆಯ ಹಿಂದಿನ ದಿನವೇ ಬಾಲ್ಕನಿ ಚಿಲಕ ಹಾಕಿದೆ. ಬೆಳಗ್ಗೆ ಏಳುವಷ್ಟರಲ್ಲಿ ಅದು ತೆಗೆದಿತ್ತು. ಪಂಕಜ ಹೊರಗೆ ನಿಂತಿದ್ದಳು. ನಾನು ಮಾತಾಡಿಸಿದರೆ ಕೈಸನ್ನೆಯಲ್ಲೇ ಸುಮ್ಮನಿರು ಅಂದಳು.

ಮಂಜು ಇತ್ತು. ನಾನೂ ನೋಡಿದೆ ಅಕ್ಕ. ನನ್ನ ಕಣ್ಣು ನಿನಗೆ ಗೊತ್ತು, ಪೊರೆ ಬಂದು ಆಪರೇಷನ್ ಮುಂದೂಡುತ್ತಿದ್ದೇನೆ. ಕಂಡದ್ದು ಇಷ್ಟೇ. ಮೊಣಕಾಲುದ್ದ ನೀರಿನಲ್ಲಿ ಯಾರೋ ತಲೆತುಂಬ ಸೆರಗು ಹೊದ್ದು ನಿಂತಿದ್ದರು. ಕೈಯಲ್ಲಿ ಏನೋ ಹೊಳೆಯುತ್ತಿತ್ತು. ಬಗ್ಗಿ, ಆ ಹೊಳೆಯುವುದರಿಂದ ಬೆಳ್ಳಗಿನದೇನನ್ನೋ ನೀರಿಗೆ ಬಿಟ್ಟರು. ಆಮೇಲೆ ಬಗ್ಗಿದವರು ಏಳಲೇ ಇಲ್ಲ, ಬಹಳ ಹೊತ್ತು ಹಾಗೇ ಇದ್ದರು. ನಾನು ಕನ್ನಡಕ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನೀರು ಮಾತ್ರ ಇತ್ತು. ಪಂಕಜ ಅಳುತ್ತಿದ್ದಳು. ಹೆದರಿಕೆಯಾಯಿತೇ ಎಂದು ಕೇಳಿದರೆ ಇಲ್ಲ ಅಂದಳು.

ವಾಚ್‌ಮನ್ ಬೈರಪ್ಪ ಹೇಳುತ್ತಾನೆ, "ಅದು ಯಾರ ತಂಟೆಗೂ ಬರಲ್ಲ ಸಾರ್. ನೀವು ನೋಡ್ಬಾರ್ದು ಅಷ್ಟೇ." ನನ್ನ ಎದೆಗೆ ಇದೆಲ್ಲ ಆಗುವುದಿಲ್ಲ. ಮನೆ ಬಿಟ್ಟುಬಿಡೋಣ ಎಂದರೆ ಪಂಕಜ ಒಪ್ಪುತ್ತಿಲ್ಲ. ಮೊನ್ನೆಯವರೆಗೆ ತಮಾಷೆ ಮಾಡುತ್ತಿದ್ದವಳು ಈಗ, "ಈ ಮನೇನೇ ತಗೋಬೇಕು" ಅನ್ನುತ್ತಾಳೆ.

ಒಂದು ಪ್ರಶ್ನೆ ಉಳಿದಿದೆ. ಅಮಾವಾಸ್ಯೆಯ ಬೆಳಗ್ಗೆ ಎಂದು ಮಂಜೇಶ ಹೇಳಿದ್ದನ್ನು ನಾನು ಬರೆದಿದ್ದೆ, ಸರಿ. ಬಾಲ್ಕನಿಯ ಬಾಗಿಲು ಮುಚ್ಚು ಎಂದು ಅಷ್ಟು ಖಚಿತವಾಗಿ ನೀನು ಹೇಗೆ ಹೇಳಿದೆ? ಆ ಊರಿನಲ್ಲಿದ್ದಾಗ ನೀನೂ ಅವಳನ್ನು ನೋಡಿದ್ದೆಯಾ?

ಮನೋಹರ್


ಬಿಲ್ಲೇನಹಳ್ಳಿ
4 ನವೆಂಬರ್ 2024

ಅತ್ತಿಗೆ ಅಂಜಿನಮ್ಮನವರಿಗೆ ಪಂಕಜ ಮಾಡುವ ನಮಸ್ಕಾರಗಳು.

ಇವರ ಪತ್ರಕ್ಕೆ ನೀವು ಉತ್ತರ ಬರೆದಿಲ್ಲ. ಬರೆಯುವುದು ಕಷ್ಟವೆಂದು ನನಗೆ ಗೊತ್ತಾಯಿತು. ಅದಕ್ಕೇ ಇವರಿಗೆ ತಿಳಿಯದಂತೆ ನಾನು ಬರೆಯುತ್ತಿದ್ದೇನೆ.

ಮೊದಲ ಸಲ ನಿಮ್ಮ ಬೆನ್ನು ಕಂಡಾಗಲೇ ಅನುಮಾನ ಬಂತು. ನೀರಿನಿಂದ ಏಳುವಾಗ ಎಡಗಾಲು ಎಳೆದು, ಸೊಂಟಕ್ಕೆ ಕೈ ಕೊಟ್ಟು ಒಂದು ಗಳಿಗೆ ನಿಲ್ಲುತ್ತೀರಿ. ನನ್ನ ಮದುವೆಯಾದಾಗಿನಿಂದ ನೋಡಿದ್ದೇನೆ. ದೀಪಾವಳಿ ಅಮಾವಾಸ್ಯೆಗೆ ಮತ್ತೆ ಬಂದಿರಿ. ಅವತ್ತು ಅನುಮಾನ ಉಳಿಯಲಿಲ್ಲ. ದಡ ಹತ್ತಿ ಬರುವಾಗ ನಿಮ್ಮ ಕೈಯಲ್ಲಿದ್ದ ಸ್ಟೀಲ್ ಲೋಟ ನಾವು ಕೊಟ್ಟದ್ದೇ.

ನಾನು ಏನನ್ನೂ ಕೇಳುವುದಿಲ್ಲ. ಒಂದು ಸುದ್ದಿ ತಿಳಿಸಬೇಕು, ಅಷ್ಟೇ. ಇಲ್ಲಿನ ಮನೆಗಳವರೆಲ್ಲ ಸೇರಿ ದಡದುದ್ದಕ್ಕೂ ತಂತಿ ಬೇಲಿ ಹಾಕಿಸಬೇಕೆಂದಿದ್ದಾರೆ. ರಸ್ತೆಯಿಂದ ನೀರಿಗೆ ಇಳಿಯುವ ದಾರಿ ಮುಚ್ಚಿಹೋಗುತ್ತದೆ. ಮುಂದೆ ನಿಂತು ಮಾಡಿಸುತ್ತಿರುವವರು ಇವರೇ. ಜೊತೆಗೆ ದೇವನಹಳ್ಳಿ ಕಡೆಯಿಂದ ಯಾರನ್ನೋ ಕರೆಸಿ ತೂಬಿನ ಹತ್ತಿರ ದಿಗ್ಬಂಧನ ಮಾಡಿಸುವ ಮಾತೂ ಇದೆ. ಹೆದರಿದ್ದಾರೆ. ಬೆಳಗ್ಗೆ ಎದ್ದರೆ ಕೆರೆಯ ಕಡೆ ನೋಡುವುದೇ ಇಲ್ಲ.

ಹೇಳುವುದು ಬಿಡುವುದು ನಿಮಗೆ ಸೇರಿದ್ದು. ನೀವು ಹೇಳದಿದ್ದರೂ ಬೇಲಿಯ ಕೆಲಸ ನಾನು ಹೇಗಾದರೂ ತಡೆಯಲು ನೋಡುತ್ತೇನೆ.

ಚಳಿ ಶುರುವಾಗಿದೆ. ಬರಿಗಾಲಲ್ಲಿ ಅಷ್ಟು ಹೊತ್ತು ನಿಲ್ಲಬೇಡಿ.

ಪಂಕಜ


ಹೊಸಕೋಟೆ
17 ನವೆಂಬರ್ 2024

ಮನು,

ಬೇಲಿಯ ವಿಷಯ, ಮಂತ್ರವಾದಿಯ ವಿಷಯ ಪಂಕಜ ಬರೆದಿದ್ದಳು. ಅವಳ ಮೇಲೆ ರೇಗಬೇಡ. ನನ್ನನ್ನು ಕಟ್ಟಿಹಾಕಲು ಮಂತ್ರವಾದಿ ಬೇಕಾಗಿಲ್ಲ, ಮೊದಲ ಬಸ್ಸು ಕೆಟ್ಟು ನಿಂತರೆ ಸಾಕು. ಆ ಹೆಂಗಸು ನಾನೇ.

ಕೂತುಕೊಂಡು ಓದು. ಎದೆ ಹಿಡಿದುಕೊಂಡರೆ ಪಂಕಜಳನ್ನು ಕರೆ.

ಅರಿಶಿನಕುಂಟೆಯಲ್ಲಿ ನಮ್ಮ ಅಪ್ಪನ ಮನೆ ಅಟ್ಟದ ಮೇಲೆ ಒಂದು ತೊಟ್ಟಿಲಿತ್ತು. ನೀನು ಅದು ನಿನ್ನದೆಂದು ತಿಳಿದು ಸ್ನೇಹಿತರಿಗೆಲ್ಲ ತೋರಿಸುತ್ತಿದ್ದೆ. ನಿನ್ನನ್ನು ಮಲಗಿಸುತ್ತಿದ್ದದ್ದು ಅಮ್ಮನ ಸೀರೆಯ ಜೋಲಿಯಲ್ಲಿ. ತೊಟ್ಟಿಲು ನನ್ನ ಮಗಳದು. ಅವಳು ನಮ್ಮ ಮನೆಯಲ್ಲೇ ಹುಟ್ಟಿದಳು. ನಿನಗಾಗ ಇನ್ನೂ ಚಡ್ಡಿ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ಅವಳ ಕೆನ್ನೆ ಮುಟ್ಟಲು ಬಂದು ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ. ಬಾಣಂತನ ಮುಗಿದ ಮೇಲೆ ನನ್ನನ್ನು ಬಿಲ್ಲೇನಹಳ್ಳಿಗೆ ಕಳಿಸಿದರು. ಬೇಸಿಗೆಯಲ್ಲಿ ಮಗುವಿಗೆ ವಾಂತಿಭೇದಿ ಹಿಡಿಯಿತು. ಗಾಡಿ ಕಟ್ಟಿಸಿ ಹೊಸಕೋಟೆಗೆ ಹೋಗೋಣ ಎಂದೆ. ಬೆಳಗಾಗಲಿ ಎಂದರು. ಬೆಳಗಾಯಿತು.

ಆ ಕಡೆ ಹಾಲು ಕುಡಿಯುವ ಮಕ್ಕಳನ್ನು ಹೊಲದಲ್ಲಿ ಮಣ್ಣು ಮಾಡುವುದಿಲ್ಲ. ಕೆರೆಯ ಅಂಗಳದಲ್ಲಿ, ನೀರು ಇಳಿದ ಕಡೆ ಮಾಡುತ್ತಿದ್ದರು. ಮಳೆಗಾಲದಲ್ಲಿ ನೀರು ಬಂದು ಮೇಲೆ ನಿಂತರೆ ಮಗು ತಣ್ಣಗಾಗಿ ಮತ್ತೆ ಅದೇ ತಾಯಿಯ ಮಡಿಲಿಗೆ ಬರುತ್ತದಂತೆ. ಕಲ್ಲು ನೆಡುವುದಿಲ್ಲ, ಎಡೆ ಇಡುವುದಿಲ್ಲ. ತಾಯಿ ಆ ಜಾಗ ನೋಡಬಾರದು. ನೋಡಿದರೆ ಮಗು ಹೊರಡುವುದಿಲ್ಲ, ಅಲ್ಲೇ ಉಳಿದುಬಿಡುತ್ತದೆ ಎನ್ನುತ್ತಿದ್ದರು.

ನಾನು ನೋಡಿದೆ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ ಚಿಕ್ಕಬೀರಪ್ಪ ಅವಳನ್ನು ಎತ್ತಿಕೊಂಡು ಹೋದ. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಕೆರೆ ಏರಿಯ ಹೊಂಗೆಮರದ ಹಿಂದೆ ನಿಂತೆ. ತೂಬಿನ ಕಲ್ಲಿನ ಹತ್ತಿರ ಅಗೆದ. ಕೆಲಸ ಮುಗಿಸಿ ತಿರುಗಿದಾಗ ನನ್ನನ್ನು ಕಂಡ. "ನೋಡ್ಬುಟ್ಯಾ ತಾಯಿ" ಅಂದ. ನೋಡಿದೆ ಅಂದೆ. "ಯಾರ್ಗೂ ಹೇಳ್ಬ್ಯಾಡ. ನಾನೂ ಹೇಳಕ್ಕಿಲ್ಲ." ಅವನು ಹೇಳಲಿಲ್ಲ. ನನ್ನ ಪಾದದ ಕೆರೆಮಣ್ಣು ಅತ್ತೆಗೆ ಹೇಳಿತು. ಆಮೇಲೆ ನನಗೆ ಮಕ್ಕಳಾಗಲಿಲ್ಲ. ನೋಡಿ ಮಗುವನ್ನು ಅಲ್ಲೇ ನಿಲ್ಲಿಸಿಕೊಂಡಳು, ಇನ್ನೆಲ್ಲಿ ಬರುತ್ತದೆ ಎಂದು ನಿನ್ನ ಭಾವನಿಗೆ ಇನ್ನೊಂದು ಮದುವೆ ಮಾಡಿದರು. ನೀನು ಕಂಡ ತಗಡಿನ ಪೆಟ್ಟಿಗೆ ಆವಾಗಿನದು.

ನೋಡಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅಷ್ಟು ಚಿಕ್ಕ ಮಗುವನ್ನು ಎಲ್ಲಿ ಬಿಟ್ಟರೆಂದು ಒಬ್ಬರಾದರೂ ನೋಡಿಕೊಂಡಿರಬೇಕಿತ್ತು. ಆದರೆ ಅವರ ಮಾತು ನಿಜವಾಗಿದ್ದರೆ, ಅವಳು ಇನ್ನೂ ಅಲ್ಲೇ ಇದ್ದಾಳೆ. ನನ್ನಿಂದಾಗಿ ಇದ್ದಾಳೆ. ಇಟ್ಟುಕೊಂಡವಳು ಹೋಗಿ ನೋಡಿಕೊಳ್ಳದಿದ್ದರೆ ಹೇಗೆ?

ಕೆರೆ ಬತ್ತಿದ್ದ ಕಾಲವೆಲ್ಲ ಕಷ್ಟವಿರಲಿಲ್ಲ. ಒಲೆಗೆ ಪುರಳೆ ಆಯುವವಳಂತೆ ಹೋಗಿ ತೂಬಿನ ಹತ್ತಿರ ಕೂತು ಬರುತ್ತಿದ್ದೆ. ಆಮೇಲೆ ಪೈಪಿನಲ್ಲಿ ನೀರು ಬಂತು. ಸುದ್ದಿ ಕೇಳಿ ಸಂತೋಷಪಟ್ಟೆ ಮನು, ಇಷ್ಟು ಕಾಲದ ಮೇಲಾದರೂ ಅವಳ ಮೈಮೇಲೆ ನೀರು ನಿಂತಿತಲ್ಲ ಎಂದು. ಹೋಗಿ ನೋಡಿದರೆ ಆ ವಾಸನೆ. ಊರವರೆಲ್ಲ ಮೈ ತೊಳೆದು ಬಿಟ್ಟ ನೀರು ನನ್ನ ಮಗುವಿಗೆ. ಅವತ್ತಿನಿಂದ ಅಮಾವಾಸ್ಯೆಗೊಂದು ಲೋಟ ಹಾಲು ಒಯ್ಯುತ್ತೇನೆ. ಒಂದಾದರೂ ಚೊಕ್ಕಟವಾದದ್ದು ಅವಳಿಗೆ ತಲುಪಲಿ.

ನನ್ನ ಬೆನ್ನ ಹಿಂದೆ ಮನೆಗಳೆದ್ದವು. ಗೊತ್ತಿಲ್ಲದವರು ನೋಡಿದರೆ ನೋಡಲಿ ಅಂದುಕೊಂಡೆ. ಅವರಿಗೆ ನಾನು ದೆವ್ವವಾದರೆ ಒಳ್ಳೆಯದೇ, ಯಾರೂ ಮಾತಾಡಿಸುವುದಿಲ್ಲ. ನೀನು ಅಲ್ಲಿಗೆ ಬರುತ್ತೇನೆಂದಾಗ ಮಾತ್ರ ಹೆದರಿದೆ. ಹಿಂದೆ ನೀನಿದ್ದರೆ ನಾನು ನಿನ್ನ ಅಕ್ಕನಾಗಿಬಿಡುತ್ತೇನೆ. ಆ ಸ್ವಲ್ಪ ಹೊತ್ತು ನಾನು ಯಾರ ಅಕ್ಕನೂ ಅಲ್ಲ. ಅದಕ್ಕೇ ಮನೆ ಬೇಡವೆಂದೆ. ಸೊಳ್ಳೆಯ ಮಾತೂ ಸುಳ್ಳಲ್ಲ.

ಪಂಕಜ ನೀರು ನೋಡಿಕೊಂಡು ಇರಲಿ. ಮನೆ ತೆಗೆದುಕೊ. ಬೇಲಿ ಮಾತ್ರ ಬೇಡ.

ಅಕ್ಕ


ಬಿಲ್ಲೇನಹಳ್ಳಿ
8 ಡಿಸೆಂಬರ್ 2024

ಅಕ್ಕ,

ಮೂರು ಸಲ ಬರೆಯಲು ಕೂತು ಎದ್ದೆ. ಬರೆದದ್ದೆಲ್ಲ ಹಗುರವಾಗಿ ಕಂಡಿತು. ನನಗೊಬ್ಬಳು ಸೋದರ ಸೊಸೆಯಿದ್ದಳು, ಅವಳ ಕೆನ್ನೆ ಮುಟ್ಟಲು ಹೋಗಿದ್ದೆ ಎಂಬುದು ಈ ವಯಸ್ಸಿನಲ್ಲಿ ಗೊತ್ತಾದರೆ ಏನು ಮಾಡಬೇಕು? ತೊಟ್ಟಿಲನ್ನು ನೆನೆಸಿಕೊಂಡು ಬಹಳ ಅತ್ತೆ. ಅದನ್ನು ಗುಜರಿಗೆ ಹಾಕಿದವನು ನಾನೇ.

ಬೇಲಿಯ ಸಭೆಯಲ್ಲಿ ಜಗಳವಾಯಿತು. ಪಕ್ಕದ ಮನೆ ಜಯಕುಮಾರ್ ಅಂತೂ, "ನೀವೇ ತಾನೆ ಸಾರ್ ಶುರು ಮಾಡಿದ್ದು" ಎಂದು ನನ್ನ ಮೇಲೇ ಬಿದ್ದ. ಹೌದು ಕಣಪ್ಪ, ನಾನೇ, ಈಗ ಬೇಡ ಅನ್ನುತ್ತಿರುವವನೂ ನಾನೇ ಅಂದೆ. ಕೊನೆಗೆ ಬೇಲಿ ಹಾಕಿದರು, ಆದರೆ ನಮ್ಮ ಮನೆ ಪಕ್ಕದಲ್ಲಿ ಒಂದು ಚಿಕ್ಕ ಗೇಟು ಬಿಡಿಸಿದ್ದೇನೆ. ಅದಕ್ಕೆ ಬೀಗ ಹಾಕುವುದಿಲ್ಲ. ಮಂತ್ರವಾದಿಗೆ ಬರಬೇಡವೆಂದು ಹೇಳಿದ್ದಾಯಿತು. ಹೋದ ಶುಕ್ರವಾರ ಮನೆ ನಮ್ಮಿಬ್ಬರ ಹೆಸರಿಗೆ ರಿಜಿಸ್ಟರ್ ಆಯಿತು.

ಅಮಾವಾಸ್ಯೆಯ ಬೆಳಗ್ಗೆ ಪಂಕಜ ನನ್ನನ್ನು ಕೆರೆಗೆ ಬೆನ್ನು ಮಾಡಿ ನಡುಮನೆಯಲ್ಲಿ ಕೂರಿಸಿದಳು. ತಾನೂ ಹಾಗೇ ಕೂತಳು. ಗೇಟಿನ ಸದ್ದಾಯಿತು. ಮತ್ತೆ ಸದ್ದಾಗುವ ತನಕ ನಾವು ಕದಲಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಇಟ್ಟಿದ್ದ ಕಾಫಿಯನ್ನು ನೀನು ಮುಟ್ಟಿರಲಿಲ್ಲ. ಕೆನೆ ಕಟ್ಟಿತ್ತು. ಮುಂದಿನ ಸಲವೂ ಇಡುತ್ತಾಳಂತೆ.

ಅವಳ ಹೆಸರೇನು ಅಕ್ಕ?

ಮನೋಹರ್


ಹೊಸಕೋಟೆ
12 ಜನವರಿ 2025

ಮನು,

ಹೋದ ಅಮಾವಾಸ್ಯೆಯ ಕಾಫಿಗೆ ಸಕ್ಕರೆ ಹೆಚ್ಚಾಗಿತ್ತು ಎಂದು ಪಂಕಜಳಿಗೆ ಹೇಳು.

ಆವತ್ತು ವಾಪಸು ಬರುವಾಗ ಬಸ್ಸಿನ ಮೆಟ್ಟಿಲು ತಪ್ಪಿತು. ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ. ಮೊದಲೇ ಸರಿಯಿಲ್ಲದ ಮೊಣಕಾಲಿಗೆ ನೆಪವಾಯಿತು. ಪಕ್ಕದ ಮನೆಯ ಅಕ್ಕಯಮ್ಮ ನೋಡಿಕೊಳ್ಳುತ್ತಾಳೆ. ಇನ್ನು ಬಸ್ಸು ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಬರೆಯಬೇಡ. ನೀರಿನಲ್ಲಿ ನಿಲ್ಲುವ ಶಕ್ತಿಯೇ ಇಲ್ಲ.

ಬರುವ ಅಮಾವಾಸ್ಯೆಗೆ ನಾನು ಬರುವುದಿಲ್ಲ. ನೀರು ಬಂದ ಮೇಲೆ ಒಂದನ್ನೂ ತಪ್ಪಿಸಿರಲಿಲ್ಲ. ಅವಳಿಗೆ ಅಭ್ಯಾಸವಾಗಿಬಿಟ್ಟಿದೆ, ಅದೊಂದೇ ಚಿಂತೆ.

ಹೆಸರು ಇಡುವ ಮೊದಲೇ ಹೋದಳು. ನಾನು ಕರೆಯುವ ಹೆಸರು ಒಂದಿದೆ. ಅದನ್ನು ಬರೆಯುವುದಿಲ್ಲ.

ಅಕ್ಕ


ಬಿಲ್ಲೇನಹಳ್ಳಿ
13 ಫೆಬ್ರವರಿ 2025

ಅಕ್ಕ,

ನಿನ್ನನ್ನು ನೋಡಲು ಬಂದಾಗ ಹೇಳೋಣವೆಂದಿದ್ದೆ. ಅಕ್ಕಯಮ್ಮನವರು ಎದುರಿಗೇ ಕೂತಿದ್ದರು, ನಿನ್ನ ಕಿವಿಗೆ ಮುಟ್ಟುವಂತೆ ಹೇಳಿದರೆ ಬೀದಿಗೆಲ್ಲ ಮುಟ್ಟುತ್ತಿತ್ತು.

ಹೋದ ಅಮಾವಾಸ್ಯೆಯ ಬೆಳಗ್ಗೆ ನನಗೆ ಎಚ್ಚರವಾದಾಗ ಪಕ್ಕದಲ್ಲಿ ಪಂಕಜ ಇರಲಿಲ್ಲ. ಬಾಲ್ಕನಿಗೆ ಹೋದೆ. ತೂಬಿನ ಎದುರಿಗೆ, ಮೊಣಕಾಲುದ್ದ ನೀರಿನಲ್ಲಿ, ತಲೆತುಂಬ ಸೆರಗು ಹೊದ್ದು ಒಬ್ಬಳು ನಿಂತಿದ್ದಳು. ಅದು ನನ್ನ ಹೆಂಡತಿಯೆಂದು ನನಗೆ ಗೊತ್ತು. ಅಡುಗೆ ಮನೆಯಲ್ಲಿ ಹಾಲಿನ ಪಾತ್ರೆ ತೆರೆದಿತ್ತು, ಅವಳ ಚಪ್ಪಲಿ ಗೇಟಿನ ಹತ್ತಿರವಿತ್ತು. ಆದರೂ ಹೇಳುತ್ತೇನೆ, ಮೇಲಿನಿಂದ ನೋಡಿದರೆ ಅವಳು ಪಂಕಜಳಾಗಿ ಕಾಣಲಿಲ್ಲ. ಕೂಗಿ ಕರೆಯಲು ನನಗೆ ಧೈರ್ಯ ಬರಲಿಲ್ಲ.

ಒಳಗೆ ಬಂದಾಗ ಸೀರೆ ಮೊಣಕಾಲಿನ ತನಕ ಒದ್ದೆಯಾಗಿತ್ತು. ಟವೆಲ್ ಕೊಟ್ಟೆ. ಕಾಲು ಒರೆಸಿಕೊಳ್ಳುತ್ತ ಹೇಳಿದಳು.

"ಹಾಲು ಬಿಟ್ಟು ಬರೋಣ ಅಂತ ತಿರುಗಿದೆ ಕಣ್ರೀ. ಸೆರಗು ಯಾರೋ ಹಿಡ್ಕೊಂಡ ಹಾಗಾಯ್ತು. ಜೋರಾಗೇನೂ ಅಲ್ಲ. ತುದೀನ ಇಷ್ಟೇ ಇಷ್ಟು."

"ಜೊಂಡಿಗೆ ಸಿಕ್ಕಿರುತ್ತೆ."

"ಅಲ್ಲಿ ಜೊಂಡಿಲ್ಲ."

"ಕಲ್ಲಿಗೆ."

"ಸೆರಗು ನೀರಿಗೆ ತಾಗೇ ಇರ್ಲಿಲ್ಲ" ಅಂದಳು. ಬಿಡಿಸಿಕೊಂಡು ಬಂದಳಂತೆ. ಬಿಡಿಸಿಕೊಳ್ಳಬಾರದಿತ್ತೇನೋ ಎಂದು ಅವತ್ತಿನಿಂದ ಅದನ್ನೇ ಹೇಳುತ್ತಿದ್ದಾಳೆ. ಊಟ ಸೇರುತ್ತಿಲ್ಲ. ಮುಂದಿನ ಅಮಾವಾಸ್ಯೆಗೆ ಹೋಗಬೇಡ ಎಂದರೆ ಕೇಳುವುದಿಲ್ಲ, ಹೋಗಲೂ ಹೆದರುತ್ತಾಳೆ. ಅವಳಿಗೆ ನೀನೇ ಒಂದು ಮಾತು ಬರಿ.

ಇನ್ನೊಂದು ವಿಷಯ. ಅವತ್ತು ಜಯಕುಮಾರ್ ಕೂಡ ತನ್ನ ಬಾಲ್ಕನಿಯಿಂದ ನೋಡಿದ್ದಾನೆ. ಹೊಸದಾಗಿ ಮದುವೆಯಾದವರು. ಆ ಹುಡುಗಿ ಮಾರನೆಯ ದಿನವೇ ಬಟ್ಟೆ ಕಟ್ಟಿಕೊಂಡು ತವರಿಗೆ ಹೋದಳು. ಅವನೂ ಕೆ.ಆರ್.ಪುರದ ಕಡೆ ಮನೆ ಹಿಡಿದಿದ್ದಾನೆ. ನಿಜ ಹೇಳಿಬಿಡೋಣ ಎಂದು ಹೊರಟೆ, ಪಂಕಜ ತೋಳು ಹಿಡಿದಳು. ಮೊನ್ನೆ ಮಂಜೇಶ ಜೋಲು ಮುಖ ಹಾಕಿಕೊಂಡು ಬಂದಿದ್ದ. "ಈ ಸಾಲಲ್ಲಿ ಇನ್ನೊಂದು ಮನೆ ಕೂಡ ಮಾರೋ ಹಂಗಿಲ್ಲ ಸಾರ್. ಬಾಡಿಗೆಗಾದ್ರೂ ಯಾರಾದ್ರೂ ಬಂದ್ರೆ ಸಾಕು, ಕೊಟ್ಟಷ್ಟು ಕೊಡ್ಲಿ ಅಂತಾರೆ ಓನರ್ರು."

ಖಾಲಿಯಾದದ್ದು ಪಕ್ಕದ ಮನೆ, ಅಕ್ಕ. ನಮ್ಮದಕ್ಕೂ ಅದಕ್ಕೂ ಗೋಡೆ ಒಂದೇ. ಕೆಳಗಿನ ಕೋಣೆಯ ಕಿಟಕಿ ತೆಗೆದರೆ ತೂಬು ಕಾಣುತ್ತದೆ. ನೀನು ನೀರಿಗೆ ಇಳಿಯಬೇಕಾಗಿಲ್ಲ, ಬಸ್ಸು ಹತ್ತಬೇಕಾಗಿಲ್ಲ. ಹೊಸಕೋಟೆಯ ಡಾಕ್ಟರೂ ಬಹಳ ದೂರವಿಲ್ಲ. ನಿನ್ನ ಪಿಂಚಣಿಗೆ ಹೊಂದುತ್ತದೆ. ನೀರೆದುರಿನ ಮನೆ ಈ ಬಾಡಿಗೆಗೆ ಜಿಲ್ಲೆಯಲ್ಲೇ ಸಿಗುವುದಿಲ್ಲ. ಬೆಲೆ ಇಳಿಸಿದವಳು ನೀನೇ, ಲಾಭ ಬೇರೆಯವರಿಗೆ ಯಾಕೆ?

ನಾವು ನಿನಗೆ ಬೆನ್ನು ಮಾಡಿಯೇ ಕೂರುತ್ತೇವೆ.

ಮನೋಹರ್


ಹೊಸಕೋಟೆ
20 ಫೆಬ್ರವರಿ 2025

ಮನು,

ಮಂಜೇಶನಿಗೆ ಹೇಳು, ಒಬ್ಬಳು ಕಿವುಡಿ ಬರುತ್ತಾಳೆ, ದೆವ್ವದ ಹೆದರಿಕೆ ಅವಳಿಗಿಲ್ಲ ಎಂದು. ಯುಗಾದಿ ಅಮಾವಾಸ್ಯೆಯೊಳಗೆ ಸಾಮಾನು ಸಾಗಿಸು. ಹೆಚ್ಚಿಲ್ಲ, ತಗಡಿನ ಪೆಟ್ಟಿಗೆಯೊಂದು ಭಾರ.

ಅದಕ್ಕೆ ಮೊದಲು ಶಿವರಾತ್ರಿ ಅಮಾವಾಸ್ಯೆ ಇದೆ. ಈ ಪತ್ರ ಅಷ್ಟರೊಳಗೆ ಪಂಕಜಳ ಕೈ ಸೇರಲಿ ಎಂದು ಇವತ್ತೇ ಹಾಕಿಸುತ್ತಿದ್ದೇನೆ. ನೀನು ಓದಿ ಹೇಳಬೇಡ, ಅವಳ ಕೈಗೇ ಕೊಡು.

ಪಂಕಜ, ಹೆದರಬೇಡಮ್ಮ. ಹಾಲು ಕುಡಿಯುವಾಗ ಅವಳಿಗೆ ಸೆರಗಿನ ತುದಿ ಕೈಯಲ್ಲಿರಬೇಕಿತ್ತು, ಇಲ್ಲದಿದ್ದರೆ ಕುಡಿಯುತ್ತಿರಲಿಲ್ಲ. ಅಲ್ಲಿ ನನ್ನ ಸೆರಗನ್ನೂ ಹಿಡಿಯುತ್ತಾಳೆ, ಅದಕ್ಕೇ ನಾನು ಬಗ್ಗಿದವಳು ಅಷ್ಟು ಹೊತ್ತು ಏಳುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಮನುವಿಗೂ ಬರೆದಿರಲಿಲ್ಲ. ಬಿಡಿಸಿಕೊಳ್ಳಬೇಡ. ಸ್ವಲ್ಪ ಹೊತ್ತು ಹಾಗೇ ಇದ್ದರೆ ನಿದ್ದೆ ಹತ್ತಿ ಅವಳೇ ಬಿಡುತ್ತಾಳೆ.

ಅಂಜಿನಮ್ಮ